ಸೂರಿನ ಕೆಳಗೆ ನಿಂತು ಹೇಳಿದ್ದು

ನಮ್ಮೂರಿನಲ್ಲಿ ಸೂರಿನ ಕೆಳಗೆ ಹೇಳಿದ ಸುಳ್ಳು ಕೇಳಿಸುವುದಿಲ್ಲ. ತುಟಿ ಅಲ್ಲಾಡುತ್ತದೆ, ಗಂಟಲು ಉಬ್ಬುತ್ತದೆ, ದನಿ ಮಾತ್ರ ಹೊರಡುವುದಿಲ್ಲ. ಸುಳ್ಳು ಹೇಳಲೇಬೇಕಾದವರು ಎದ್ದು ಅಂಗಳಕ್ಕೆ ಹೋಗುತ್ತಾರೆ. ಬಯಲಲ್ಲಿ ಯಾವ ಮಾತಿಗೂ ಅಡ್ಡಿಯಿಲ್ಲ. ಹಾಗಾಗಿ ನಮ್ಮಲ್ಲಿ ಹೆಣ್ಣು ನೋಡುವುದು ಮನೆಯೊಳಗಾದರೆ ಹುಡುಗನ ಗುಣಗಾನ ನಡೆಯುವುದು ಬೇವಿನ ಮರದ ಕೆಳಗೆ. ನಾಟಕಗಳೆಲ್ಲ ಬಯಲಿನಲ್ಲಿ. ಮಕ್ಕಳಿಗೆ ಗುಮ್ಮನ ಹೆದರಿಕೆ ಹಾಕುವುದು ಹಿತ್ತಲಿನಲ್ಲಿ. ಮರದ ನೆರಳು ಸೂರಿನ ಲೆಕ್ಕಕ್ಕೆ ಬರುವುದಿಲ್ಲ, ಕೊಡೆ ಬರುತ್ತದೆ. ಆದ್ದರಿಂದ ಮಳೆಗಾಲದಲ್ಲಿ ದನದ ದಲಾಲರು ನೆನೆಯುತ್ತಲೇ ವ್ಯಾಪಾರ ಮಾಡುತ್ತಾರೆ. ಊಟಕ್ಕೆ ಹೋದ ಮನೆಯಲ್ಲಿ ಸಾರು ಕೆಟ್ಟಿದ್ದರೆ ಅತಿಥಿ ಕೈ ತೊಳೆಯಲು ಅಂಗಳಕ್ಕೆ ಹೋದವನು ಅಲ್ಲಿಂದಲೇ ‘ಸಾರು ಭಾಳ ಚಲೋ ಆಗಿತ್ರಿ’ ಎಂದು ಕೂಗುತ್ತಾನೆ. ಒಳಗಿದ್ದ ಮನೆಯೊಡತಿ ನಕ್ಕು ಮುಂದಿನ ಸಲ ಉಪ್ಪು ನೋಡಿ ಹಾಕುತ್ತಾಳೆ. ಯಾರಿಗೂ ಯಾರ ಮೇಲೂ ಬೇಸರವಿಲ್ಲ.

ನನ್ನ ಹೆಸರು ನೀಲಾಂಬಿಕಾ. ಊರಿನ ಆರೋಗ್ಯ ಸಹಕಾರ ಸಂಘದಲ್ಲಿ ಕಂಪ್ಯೂಟರುಗಳನ್ನೂ ನೆಟ್‌ವರ್ಕನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಓದು ಮುಗಿಸಿ ಹೊಳೆಯಾಚೆಯ ನಗರದಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿದೆ. ಅಲ್ಲಿ ಅರ್ಧ ದಿನ ಹೋಗುತ್ತಿದ್ದುದು ಜನರ ಮಾತನ್ನು ಸೋಸುವುದರಲ್ಲಿಯೇ. ಆಫ್ ಮಾಡಿ ಆನ್ ಮಾಡಿದಿರಾ ಎಂದರೆ ಮಾಡದವರೂ ಮಾಡಿದೆ ಎನ್ನುತ್ತಿದ್ದರು. ಏನಾದರೂ ಒತ್ತಿದಿರಾ ಎಂದರೆ ಕಂಡಕಂಡದ್ದನ್ನೆಲ್ಲ ಒತ್ತಿದವರು ಮುಟ್ಟಿಯೇ ಇಲ್ಲ ಎನ್ನುತ್ತಿದ್ದರು. ನಮ್ಮೂರಿಗೆ ಮರಳಿ ಬಂದ ಮೊದಲ ವಾರವೇ ನನಗೆ ಈ ಊರಿನ ಬೆಲೆ ಗೊತ್ತಾಯಿತು. ಇಲ್ಲಿ ‘ಚಾ ಚೆಲ್ಲಿದಿರೇನ್ರಿ?’ ಎಂದು ಕೇಳಿದರೆ ಎದುರಿನವರ ಬಾಯಿ ಒಂದು ಸಲ ಸುಮ್ಮನೆ ತೆರೆದು ಮುಚ್ಚುತ್ತದೆ, ಆಮೇಲೆ ‘ಸ್ವಲ್ಪ’ ಎಂಬ ಮಾತು ಹೊರಬೀಳುತ್ತದೆ. ಆ ‘ಸ್ವಲ್ಪ’ ಎಷ್ಟೆಂದು ಹುಡುಕಿಕೊಂಡರೆ ನನ್ನ ಕೆಲಸ ಮುಗಿಯಿತು. ನಗರದ ಗೆಳತಿಯರು ಇವತ್ತಿಗೂ ಕೇಳುತ್ತಾರೆ, ಅಂಥ ಸಣ್ಣ ಊರಲ್ಲಿ ಏನಿದೆ ಅಂತ. ನನಗೆ ಹೇಳಲು ಬೇಕಾದಷ್ಟಿದೆ. ಮುಖ್ಯವಾಗಿ ಕಸ್ತೂರವ್ವನವರ ಬಗ್ಗೆ ಇದೆ.

ಕಸ್ತೂರವ್ವ ನಮ್ಮ ಸಂಘದ ಕಾರ್ಯದರ್ಶಿ. ಎತ್ತರದ ಆಳು, ದಾರ ಕಟ್ಟಿದ ಕನ್ನಡಕ, ಚಹಾವನ್ನು ಬಸಿ ತಟ್ಟೆಗೆ ಸುರಿದು ಕುಡಿಯುವ ರೂಢಿ. ಹಿಂದೆ ನಮ್ಮೂರಿನವರು ಹೊಳೆಯಾಚೆಯ ದೊಡ್ಡಾಸ್ಪತ್ರೆಗೆ ಹೋದರೆ ದಿನವೆಲ್ಲ ಮೊಗಸಾಲೆಯಲ್ಲಿ ಕೂತು, ಪಾಳಿ ಸಿಗದೆ, ಕತ್ತಲಾದ ಮೇಲೆ ತಿರುಗಿ ಬರುತ್ತಿದ್ದರಂತೆ. ಅದನ್ನು ನೋಡಲಾಗದೆ ಶಾಲೆಯ ಜಗಲಿಯಲ್ಲಿ ಒಂದು ಮೇಜು ಹಾಕಿಕೊಂಡು ಸಂಘ ಶುರುಮಾಡಿದವರು ಅವರು. ಈಗ ಸಂಘಕ್ಕೆ ಸ್ವಂತ ಕಟ್ಟಡವಿದೆ, ಎರಡು ವ್ಯಾನುಗಳಿವೆ, ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಸಂಘಕ್ಕೇ ಒಂದು ಖಾತೆಯಿದೆ. ಅದರಲ್ಲಿ ನಾವು ಊರಿನವರ ಪಾಳಿ ಹಿಡಿಯುತ್ತೇವೆ. ಕಸ್ತೂರವ್ವ ಮಾತಾಡಲೆಂದು ಅಂಗಳಕ್ಕೆ ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಬೇರೆಯವರು ಇಳಿದರೆ ಅವರು ಬೇಡವೆನ್ನುತ್ತಿರಲಿಲ್ಲ. ತಾವು ಇಳಿಯುತ್ತಿರಲಿಲ್ಲ, ಅಷ್ಟೇ. ಸಾರು ಕೆಟ್ಟಿದ್ದರೆ ಅವರು ಕೆಟ್ಟಿದೆ ಎನ್ನುತ್ತಿದ್ದರು, ಹಾಗೆಂದ ಮೇಲೂ ಎರಡನೇ ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು.

ಅದು ಒಂದು ಶನಿವಾರ. ಶನಿವಾರವೆಂದರೆ ನಮ್ಮ ಕಚೇರಿಯಲ್ಲಿ ಡಯಾಲಿಸಿಸ್‌ನವರ ದಿನ. ಮುಂದಿನ ವಾರ ಯಾರು ಯಾವ ದಿನ ಯಂತ್ರದ ಮುಂದೆ ಕೂಡಬೇಕೆಂಬುದನ್ನು ಸಂಜೆ ಐದರೊಳಗೆ ಸೈಟಿನಲ್ಲಿ ಖಾತ್ರಿ ಮಾಡಬೇಕು. ತಪ್ಪಿದರೆ ಆ ಪಾಳಿಗಳು ಬೇರೆ ಊರಿನ ರೋಗಿಗಳಿಗೆ ಹೋಗುತ್ತವೆ. ಆ ಯಂತ್ರ ಒಂದು ವಾರ ತಪ್ಪಿದರೆ ಏನಾಗುತ್ತದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವತ್ತು ಗಿರ್ಮಿಟ್ ಮಾರುವ ದಾವಲಬಿ ಮಧ್ಯಾಹ್ನವೇ ಬಂದು ಬೆಂಚಿನ ಮೇಲೆ ಕೂತಿದ್ದಳು. ಆಕೆಗೆ ಪಾಳಿ ಖಾತ್ರಿಯಾದದ್ದನ್ನು ಕಣ್ಣಾರೆ ಕಾಣಬೇಕು. ಕಾಣದೆ ಮನೆಗೆ ಹೋದವಳಲ್ಲ.

‘ನೀಲಕ್ಕಾ, ದವಾಖಾನಿ ಸೈಟು ಬರವಲ್ದು,’ ಎಂದು ಪಾಳಿ ಹಿಡಿಯುವ ಗುಮಾಸ್ತ ಫಕೀರಪ್ಪ ನನ್ನನ್ನು ಕೂಗಿದ.

ಹೋಗಿ ನೋಡಿದೆ. ಬಿಳಿ ಪರದೆಯ ಮೇಲೆ ಸಣ್ಣ ಚಕ್ರ ತಿರುಗುತ್ತಿತ್ತು. ತಿರುಗಿ ತಿರುಗಿ, ‘ಈ ಪುಟ ತೆರೆಯಲಾಗುತ್ತಿಲ್ಲ’ ಎಂದು ಬಂತು.

‘ಆಫ್ ಮಾಡಿ ಆನ್ ಮಾಡಿದ್ಯೇನು?’

ಫಕೀರಪ್ಪನ ತುಟಿ ಅಲುಗಿತು. ಏನೂ ಕೇಳಿಸಲಿಲ್ಲ. ‘ಈಗ ಮಾಡ್ತೀನಿ ತಡಿ,’ ಎಂದ. ಅದು ಕೇಳಿಸಿತು.

ಮಾಡಿದರೂ ಬರಲಿಲ್ಲ. ಬೇರೆ ಸೈಟುಗಳನ್ನು ತೆರೆದು ನೋಡಿದೆ. ಸುದ್ದಿ ಬಂತು, ಹವಾಮಾನ ಬಂತು, ಫಕೀರಪ್ಪ ಕದ್ದು ನೋಡುವ ಕುಸ್ತಿಯೂ ಬಂತು. ನನ್ನ ಕಂಪ್ಯೂಟರಿನಲ್ಲಿ ಆಸ್ಪತ್ರೆಯ ಸೈಟು ತೆರೆದೆ, ಬರಲಿಲ್ಲ. ಅಂದರೆ ಕೆಟ್ಟದ್ದು ಫಕೀರಪ್ಪನ ಕಂಪ್ಯೂಟರಲ್ಲ. ಮೊಬೈಲನ್ನು ಕಚೇರಿಯ ವೈಫೈಯಿಂದ ಬಿಡಿಸಿ ಅದರದೇ ಡೇಟಾದಲ್ಲಿ ನೋಡಿದೆ. ಆಸ್ಪತ್ರೆಯ ಹಸಿರು ಗುರುತು ಥಟ್ಟನೆ ಬಂತು. ಮತ್ತೆ ವೈಫೈಗೆ ಸೇರಿಸಿದರೆ ಬಿಳಿ ಪರದೆ. ಸೈಟು ಬದುಕಿದೆ, ನಮ್ಮ ಕಚೇರಿಯ ಹಾದಿಯಿಂದ ಹೋದವರಿಗೆ ಮಾತ್ರ ಬಾಗಿಲು ತೆರೆಯುತ್ತಿಲ್ಲ.

‘ಮೊಬೈಲಿನಾಗ ಬರ್ತೈತಲ್ಲ, ಅದರಾಗ ಹಿಡಿ ಮತ್ತ,’ ಎಂದಳು ದಾವಲಬಿ.

ಆಗುವಂತಿರಲಿಲ್ಲ. ಮೊಬೈಲಿನಲ್ಲಿ ಕಾಣುವುದು ಎಲ್ಲರಿಗೂ ಕಾಣುವ ಮುಖಪುಟ. ಸಂಘದ ಖಾತೆಯೊಳಗೆ ಹೋಗಬೇಕಾದರೆ ಆಸ್ಪತ್ರೆಯಲ್ಲಿ ನೋಂದಾಯಿಸಿದ ನಮ್ಮ ಕಚೇರಿಯ ಸಂಪರ್ಕದಿಂದಲೇ ಹೋಗಬೇಕು. ಯಾರೋ ಎಲ್ಲಿಂದಲೋ ಕೂತು ರೋಗಿಗಳ ಪಾಳಿ ಬದಲಿಸಬಾರದೆಂದು ಅವರೇ ಹಾಕಿದ ನಿಯಮ. ಒಳ್ಳೆಯ ನಿಯಮವೇ. ಅವತ್ತು ಮಾತ್ರ ಅದು ನಮ್ಮ ಕುತ್ತಿಗೆಗೆ ಬಂತು.

ನಮ್ಮ ಕಚೇರಿಯಿಂದ ಹೊರಗೆ ಹೋಗುವುದನ್ನು, ಒಳಗೆ ಬರುವುದನ್ನು ಕಾಯುವ ಪೆಟ್ಟಿಗೆಯೊಂದಿದೆ. ನಾನೇ ಕೂರಿಸಿದ್ದು. ಅದು ಯಾವುದನ್ನಾದರೂ ತಡೆಯುತ್ತಿದೆಯೇ ಎಂದು ಹುಡುಕಿದೆ. ಏನೂ ಇರಲಿಲ್ಲ. ಸೈಟಿನ ಹೆಸರಿಗೆ ಹಳೆಯ ವಿಳಾಸ ಅಂಟಿಕೊಂಡಿದೆಯೇ ಎಂದು ನೋಡಿದೆ. ವಿಳಾಸ ಸರಿಯಾಗಿಯೇ ಇತ್ತು. ಕೊನೆಗೆ ನಾವು ಕಳಿಸುವ ಕರೆ ಎಲ್ಲಿಯವರೆಗೆ ಹೋಗಿ ಸಾಯುತ್ತದೆಂದು ಹೆಜ್ಜೆ ಹಿಡಿದು ಹೋದೆ. ಕರೆ ಊರು ದಾಟಿತು, ಹೊಳೆ ದಾಟಿತು, ನಗರ ಮುಟ್ಟಿತು, ಆಸ್ಪತ್ರೆಯ ಬಾಗಿಲಿಗೆ ಹೋಗಿ ನಿಂತಿತು. ಅಲ್ಲಿಂದ ಉತ್ತರವಿಲ್ಲ. ನನಗೆ ಖಾತ್ರಿಯಾಯಿತು. ನಮ್ಮ ಹಾದಿ ಚೆನ್ನಾಗಿದೆ, ಅವರು ಬಾಗಿಲು ಹಾಕಿಕೊಂಡಿದ್ದಾರೆ.

ಆಸ್ಪತ್ರೆಯ ಕಂಪ್ಯೂಟರ್ ವಿಭಾಗಕ್ಕೆ ಫೋನ್ ಮಾಡಿದೆ. ನಿಶಾಂತ್ ಎಂಬ ಹುಡುಗ ಎತ್ತಿಕೊಂಡ. ‘ನಮ್ಮ ಕಡೆ ಎಲ್ಲ ಸರಿಯಾಗಿದೆ ಮೇಡಂ. ನಿಮ್ಮ ನೆಟ್‌ವರ್ಕಿನಲ್ಲೇ ಏನೋ ತೊಂದರೆ,’ ಎಂದ.

‘ನೋಡಿ ಹೇಳ್ತಿದ್ದೀರಾ, ನೋಡದೆ ಹೇಳ್ತಿದ್ದೀರಾ?’

‘ನೋಡಿಯೇ ಹೇಳ್ತಿದ್ದೀನಿ ಮೇಡಂ.’

ಅವನ ಮಾತು ಸ್ಪಷ್ಟವಾಗಿ ಕೇಳಿಸಿತು. ಆದರೆ ಅವನಿದ್ದದ್ದು ಹೊಳೆಯಾಚೆ, ಅಲ್ಲಿಯ ಸೂರುಗಳು ಎಲ್ಲ ಮಾತನ್ನೂ ಬಿಟ್ಟುಕೊಡುತ್ತವೆ. ಹಾಗಾಗಿ ನಾನು ಕಂಡದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ನಮ್ಮ ಕರೆ ಎಲ್ಲಿ ನಿಂತಿತು, ಮೊಬೈಲಿನಲ್ಲಿ ಏನು ಕಂಡಿತು, ನಮ್ಮ ಪೆಟ್ಟಿಗೆಯಲ್ಲಿ ಏನಿಲ್ಲ ಎಂಬುದನ್ನೆಲ್ಲ. ಅವನು ‘ಒಂದು ನಿಮಿಷ ಇರಿ,’ ಎಂದ. ಕೀಲಿಗಳನ್ನು ಒತ್ತುವ ಸದ್ದು ಬಂತು. ಆಮೇಲೆ ಅವನ ದನಿಯೇ ಬದಲಾಗಿತ್ತು.

‘ಮೇಡಂ, ನಿಮ್ಮ ಕಚೇರಿಯನ್ನು ಸೈಟು ತಾನಾಗಿಯೇ ತಡೆದಿದೆ. ನಿನ್ನೆ ಮಧ್ಯಾಹ್ನ ನಿಮ್ಮ ಕಚೇರಿಯಿಂದ ಯಾರೋ ಒಬ್ಬ ರೋಗಿಯ ಸ್ವಂತ ಖಾತೆ ತೆರೆಯೋಕೆ ಮತ್ತೆ ಮತ್ತೆ ತಪ್ಪು ಪಾಸ್‌ವರ್ಡ್ ಹಾಕಿದ್ದಾರೆ. ಕಳ್ಳರು ಅಂತ ತಿಳಿದು ಬಾಗಿಲು ಹಾಕಿಕೊಂಡಿದೆ. ಸೋಮವಾರ ತಾನೇ ತೆರೆಯುತ್ತೆ.’

‘ಸೋಮವಾರದ ತನಕ ಕಾಯೋಕಾಗಲ್ಲಪ್ಪ. ಇವತ್ತು ಐದಕ್ಕೆ ಪಾಳಿ ಹೋಗಿಬಿಡ್ತವೆ.’

‘ನಾನು ಈಗಲೇ ತೆಗೀಬಹುದು. ಆದರೆ ಯಾರು, ಯಾಕೆ ಅಂತ ಕಾರಣ ಬರೀಬೇಕು. ಕೇಳಿ ಹೇಳಿ, ನಾನು ಕಾಯ್ತೀನಿ.’

ಫೋನನ್ನು ಮೇಜಿನ ಮೇಲಿಟ್ಟು ಎದ್ದು ನಿಂತೆ. ನಮ್ಮ ಕಚೇರಿಯಲ್ಲಿ ಇಂಥದ್ದನ್ನು ಕೇಳುವುದು ಕಷ್ಟವಲ್ಲ, ಕೇಳಿಸಿಕೊಳ್ಳುವುದು ಕಷ್ಟ. ‘ನಿನ್ನೆ ಮಧ್ಯಾಹ್ನ ದವಾಖಾನಿ ಸೈಟಿನಾಗ ರೋಗಿ ಖಾತೆ ತಗ್ಯಾಕ ನೋಡಿದವರು ಯಾರು?’ ಎಂದೆ.

‘ನಾನಲ್ಲ,’ ಎಂದ ಫಕೀರಪ್ಪ. ಗೋಡೆಗೆ ಬಡಿದು ತಿರುಗಿ ಬರುವಷ್ಟು ಗಟ್ಟಿಯಾಗಿ ಕೇಳಿಸಿತು. ವ್ಯಾನಿನ ಡ್ರೈವರ್ ಯಮನೂರಪ್ಪ ಬಾಗಿಲಲ್ಲಿ ನಿಂತು, ‘ನಾನೂ ಅಲ್ಲ, ನನಗ ಅದನ್ನ ಹೆಂಗ ತಗೀಬೇಕಂತನೂ ಗೊತ್ತಿಲ್ಲ,’ ಎಂದ. ಅದೂ ಕೇಳಿಸಿತು.

‘ನನ್ನೂ ಕೇಳವಾ,’ ಎಂದಳು ದಾವಲಬಿ. ‘ನಾನಲ್ಲ. ಕೇಳಸ್ತಿಲ್ಲೋ? ನಾನಲ್ಲ!’

ಇನ್ನು ಉಳಿದದ್ದು ಒಳಕೋಣೆ. ನಾನು ಅತ್ತ ತಿರುಗುವಷ್ಟರಲ್ಲಿ ಕಸ್ತೂರವ್ವ ಕೋಣೆಯ ಬಾಗಿಲಿಗೆ ಬಂದಿದ್ದರು. ಕನ್ನಡಕ ಎದೆಯ ಮೇಲೆ ನೇತಾಡುತ್ತಿತ್ತು. ನನ್ನ ಪ್ರಶ್ನೆ ಅವರಿಗೆ ಕೇಳಿಸಿತ್ತು. ಅವರು ಏನೂ ಹೇಳಲಿಲ್ಲ. ನಮ್ಮೂರಿನಲ್ಲಿ ಏನೂ ಹೇಳದಿರುವುದಕ್ಕೂ ಅರ್ಥವಿದೆ, ಅದು ಅಲ್ಲಿದ್ದ ಎಲ್ಲರಿಗೂ ಆಯಿತು. ಫಕೀರಪ್ಪ ತಲೆ ತಗ್ಗಿಸಿ ಸುಮ್ಮನೆ ಕೀಬೋರ್ಡಿನ ಧೂಳು ಒರೆಸತೊಡಗಿದ.

ನಾನು ಹೋಗಿ ಮೆಲ್ಲಗೆ, ‘ಅಕ್ಕಾರ, ನೀವು ಸುಮ್ಮನಿರ್ರಿ. ನಾ ಫೋನ್ ತಗೊಂಡು ಅಂಗಳಕ್ಕ ಹೋಗ್ತೀನಿ. ಹೊಸಬರು ಯಾರೋ ಮರತು ಒತ್ಯಾರ ಅಂತ ಹೇಳ್ತೀನಿ. ಆ ಹುಡುಗ ಬರಕೊಂಡು ಬಾಗಲಾ ತಗೀತಾನ,’ ಎಂದೆ. ನಾನು ಅದಕ್ಕೆ ನಾಚಲಿಲ್ಲ, ಈಗಲೂ ನಾಚುವುದಿಲ್ಲ. ಅಂಗಳವಿರುವುದೇ ಅಂಥ ಹೊತ್ತಿಗೆ ಎಂದು ನಮಗೆ ಕಲಿಸಿದ್ದಾರೆ.

ಕಸ್ತೂರವ್ವ ಮೇಜಿನ ಮೇಲಿದ್ದ ಫೋನ್ ತೆಗೆದುಕೊಂಡರು. ಹೊರಬಾಗಿಲ ಕಡೆಗೆ ನಡೆದರು. ಯಮನೂರಪ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವರು ಹೊಸ್ತಿಲ ಬಳಿ ನಿಂತರು. ಆಚೆ ಅಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು, ವ್ಯಾನಿನ ನೆರಳಿನಲ್ಲಿ ಒಂದು ಆಡು ಮಲಗಿತ್ತು. ಒಂದು ಹೆಜ್ಜೆ ಇಟ್ಟರೆ ಸಾಕು, ಬೇಕಾದ್ದನ್ನು ಹೇಳಬಹುದು. ಇಷ್ಟು ವರ್ಷ ಇಳಿಯದ ಅಂಗಳಕ್ಕೆ ಅವರು ಇಳಿಯುವುದನ್ನು ನೋಡಬೇಕಲ್ಲ ಎಂದು ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಹಾಗೆ ಇಳಿದಿದ್ದರೆ ಯಾರೂ ಅವರನ್ನು ಒಂದು ಮಾತೂ ಅನ್ನುತ್ತಿರಲಿಲ್ಲ.

ಅವರು ತಿರುಗಿ ಬಂದರು. ಕೋಣೆಯ ನಡುವೆ, ಎಲ್ಲರ ಎದುರಿಗೆ ಬಂದು ನಿಂತರು. ಫೋನಿನ ದನಿ ಎಲ್ಲರಿಗೂ ಕೇಳುವಂತೆ ಮಾಡು ಎಂದು ನನಗೆ ಸನ್ನೆ ಮಾಡಿದರು. ಮಾಡಿದೆ.

‘ತಮ್ಮಾ, ನಾ ಸಂಘದ ಕಾರ್ಯದರ್ಶಿ ಕಸ್ತೂರವ್ವ ಮಾತಾಡೋದು. ನಿನ್ನಿ ಆ ಖಾತೆ ತಗ್ಯಾಕ ನೋಡಿದಾಕಿ ನಾನ.’

‘ಮೇಡಂ? ನೀವಾ?’

‘ನನ್ನ ಗಂಡಂದು ಅದು. ದವಾಖಾನಿಗೆ ಹೋಗಿ ರಗತಾ ಕೊಟ್ಟು ಬಂದಾರ. ವರದಿ ಬಂದು ವಾರ ಆತು. ಡಾಕ್ಟರು ಏನಂದ್ರು ಅಂತ ಕೇಳಿದ್ರ ಎದ್ದು ಅಂಗಳಕ್ಕ ಹೋಗಿ, ದಾಸವಾಳಕ್ಕ ನೀರ ಹಾಕ್ಕೋತ, ಏನೂ ಇಲ್ಲ, ಆರಾಮ ಅದೀನಿ ಅಂತಾರ.’

‘ಹಾಗಾದರೆ ಆರಾಮ ಇದ್ದಾರಲ್ಲ ಮೇಡಂ. ಒಳ್ಳೇದೇ ಆಯ್ತು,’ ಎಂದ ನಿಶಾಂತ್.

ಅಂಗಳಕ್ಕೆ ಹೋಗಿ ಹೇಳಿದರೆಂದರೆ ಏನು ಅಂತ ಹೊಳೆಯಾಚೆಯ ಆ ಹುಡುಗನಿಗೆ ಹೇಗೆ ಗೊತ್ತಾಗಬೇಕು?

‘ಇಲ್ಲಪ್ಪಾ,’ ಎಂದರು ಕಸ್ತೂರವ್ವ. ಅವರ ದನಿ ಒಂದಿಷ್ಟು ಒಡೆಯಿತು, ಆದರೆ ನಿಲ್ಲಲಿಲ್ಲ. ‘ಅದಕ್ಕ ನಾನ ನೋಡಾಕ ಹೋದೆ. ಅವರು ಹುಟ್ಟಿದ ದಿನ ಹಾಕಿದೆ. ಮದುವಿ ದಿನ ಹಾಕಿದೆ. ಮಗಳ ಹೆಸರು, ಸತ್ತ ನಾಯಿ ಹೆಸರು, ಕಡೀಕ ನನ್ನ ಹೆಸರೂ ಹಾಕಿದೆ. ಯಾವುದೂ ಆಗಲಿಲ್ಲ. ಗಂಡಂದಾದ್ರೂ ಅವರು ತೋರಿಸೋ ತನಕ ಅದು ನನ್ನ ವರದಿ ಅಲ್ಲ. ತಪ್ಪು ನಂದು. ಅದರಿಂದ ಊರಿನ ಬಾಗಲಾನ ಹಾಕ್ಕೋತೈತಿ ಅಂತ ನನಗ ತಿಳೀಲಿಲ್ಲ.’

ನಿಶಾಂತ್ ದನಿ ತಗ್ಗಿಸಿ, ‘ಮೇಡಂ, ನಾನು ಯಾರೋ ಮರೆತು ಒತ್ತಿದ್ದಾರೆ ಅಂತ ಬರೆದುಬಿಡ್ಲಾ? ಯಾರೂ ಕೇಳಲ್ಲ,’ ಎಂದ. ಒಳ್ಳೆಯ ಹುಡುಗ. ನಮ್ಮೂರಿನಲ್ಲಿ ಹುಟ್ಟಿದ್ದರೆ ಅಂಗಳಕ್ಕೆ ಹೋಗಿ ಸಾರನ್ನು ಹೊಗಳುವವರ ಸಾಲಿನಲ್ಲಿ ನಿಲ್ಲುತ್ತಿದ್ದ.

‘ಹೇಳಿದ್ದನ್ನ ಬರಿ.’

‘ಇದು ಮೇಲಿನವರ ಕಣ್ಣಿಗೆ ಬೀಳುತ್ತೆ ಮೇಡಂ. ನಿಮ್ಮ ಸಂಘಕ್ಕೆ ಪತ್ರ ಬರಬಹುದು.’

‘ಬರ್ಲಿ. ನೀ ಮೊದಲ ಬಾಗಲಾ ತಗಿಯಪ್ಪಾ, ಇಲ್ಲೆ ದಾವಲಬಿ ಕುಂತಾಳ.’

ಅವನು ತೆಗೆದ. ಫಕೀರಪ್ಪನ ಪರದೆಯ ಮೇಲೆ ಚಕ್ರ ತಿರುಗಿ ನಿಂತು, ಮೇಲಿನಿಂದ ಕೆಳಗೆ ನಿಧಾನವಾಗಿ ಹಸಿರು ಗುರುತು ಮೂಡಿತು, ಆಮೇಲೆ ನಮ್ಮ ಸಂಘದ ಹೆಸರು. ಫಕೀರಪ್ಪ ಒಬ್ಬೊಬ್ಬರದೇ ಪಾಳಿ ಖಾತ್ರಿ ಮಾಡುತ್ತ ಹೆಸರುಗಳನ್ನು ಗಟ್ಟಿಯಾಗಿ ಓದಿದ. ಗಡಿಯಾರದ ಮುಳ್ಳು ಐದರ ಹತ್ತಿರಕ್ಕೆ ಬರುತ್ತಿತ್ತು. ದಾವಲಬಿಯ ಸರದಿ ಬಂದಾಗ ಆಕೆ ಎದ್ದು ಹೋಗಿ ಪರದೆಗೆ ಮೂಗು ತಾಗಿಸಿ ನಿಂತು, ‘ಬುಧವಾರ ಬ್ಯಾಡೋ, ಬುಧವಾರ ಸಂತಿ ಐತಿ, ಗುರುವಾರ ಹಿಡಿ,’ ಎಂದಳು. ಎಲ್ಲರೂ ನಕ್ಕರು. ಕಸ್ತೂರವ್ವ ನಗಲಿಲ್ಲ. ಅವರು ಒಳಕೋಣೆಗೆ ಹೋಗಿ ತಮ್ಮ ಕುರ್ಚಿಯ ಮೇಲೆ ಕೂರದೆ ಕಿಟಕಿಯ ಹತ್ತಿರ ನಿಂತಿದ್ದರು.

ಸುದ್ದಿ ಮುಟ್ಟಿಸಿದವರು ಯಾರೋ ತಿಳಿಯದು. ನನ್ನ ಅನುಮಾನ ಯಮನೂರಪ್ಪನ ಮೇಲೆ. ಬಿಸಿಲು ಇಳಿಯುವ ಹೊತ್ತಿಗೆ ಅವರ ಗಂಡ ರಾಚಪ್ಪ ಮಾಸ್ತರರು ಅಂಗಳಕ್ಕೆ ಬಂದು ನಿಂತಿದ್ದರು. ಶಾಲೆಯಲ್ಲಿ ಚಿತ್ರ ಕಲಿಸುತ್ತಿದ್ದವರು, ಈಗ ಊರಿನ ಅಂಗಡಿಗಳಿಗೆಲ್ಲ ಬೋರ್ಡು ಬರೆಯುತ್ತಾರೆ. ಬೆರಳುಗಳಿಗೆ ಕೆಂಪು ಬಣ್ಣ ಹಾಗೇ ಅಂಟಿತ್ತು. ಮುಖ ಊದಿತ್ತು. ಅಷ್ಟು ದಿನ ನಾವ್ಯಾರೂ ಅವರ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲವೇನೋ.

ಕಸ್ತೂರವ್ವ ಬಾಗಿಲಿಗೆ ಬಂದು, ‘ಒಳಗ ಬರ್ರಿ,’ ಎಂದರು.

‘ಇಲ್ಲೇ ಗಾಳಿ ಚಲೋ ಐತಿ. ಇಲ್ಲೇ ಮಾತಾಡೂಣು.’

‘ಅಲ್ಲೆ ಬ್ಯಾಡ.’

ಮಾಸ್ತರರು ಆಡನ್ನು ನೋಡಿದರು, ವ್ಯಾನನ್ನು ನೋಡಿದರು, ತಮ್ಮ ಬೆರಳುಗಳನ್ನು ನೋಡಿಕೊಂಡರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ದಾವಲಬಿಯ ಪಕ್ಕದಲ್ಲಿ ಬೆಂಚಿನ ಮೇಲೆ ಕೂತರು. ನಾವು ಹೊರಗೆ ಹೋಗಲು ಎದ್ದೆವು. ‘ಇರ್ರಿ, ನೀವೂ ಇರ್ರಿ,’ ಎಂದು ಅವರೇ ತಡೆದರು. ಅವರ ತುಟಿಗಳು ಅಲುಗಿದವು. ‘ಆರಾಮ ಅದೀನಿ’ ಎಂಬ ಆಕಾರದಲ್ಲಿ ಅಲುಗಿದ್ದನ್ನು ಎಲ್ಲರೂ ಕಂಡೆವು. ಏನೂ ಕೇಳಿಸಲಿಲ್ಲ. ಅವರು ಒಮ್ಮೆ ನಕ್ಕು ತಲೆಯಾಡಿಸಿದರು.

‘ಕಿಡ್ನಿ ಎರಡೂ ಹೋಗ್ಯಾವಂತ ಕಸ್ತೂರಿ. ನಂಗೂ ಆ ಮಷಿನ್ ಬೇಕಂತ.’ ಈ ಸಲ ಎಲ್ಲ ಅಕ್ಷರವೂ ಕೇಳಿಸಿತು. ‘ಊರಿನವರ ಪಾಳಿ ಎಲ್ಲಾ ನೀನ ಹೊತ್ತೀದಿ. ಅದರ ಮ್ಯಾಲ ನಂದೂ ಒಂದು ಹೆಂಗ ಹೊರಸ್ಲಿ ಅಂತ ಸುಮ್ಮನಿದ್ದೆ. ಅಂಜಿಕೀನೂ ಆತು. ಅಂಜಿಕಿನ ಹೆಚ್ಚು ಆತು.’

ಕಸ್ತೂರವ್ವ ಅವರ ಎದುರು ನೆಲದ ಮೇಲೆ ಕೂತರು. ಗಂಡನ ಕಾಲಿನ ಹರಡನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಗುಳಿ ಬಿತ್ತು. ಡಯಾಲಿಸಿಸ್‌ನವರ ಮನೆಗಳಲ್ಲಿ, ಮೈಯಲ್ಲಿ ನೀರು ತುಂಬಿದೆಯೇ ಎಂದು ಹಾಗೆ ಒತ್ತಿ ನೋಡುವುದನ್ನು ಊರಿಗೆಲ್ಲ ಕಲಿಸಿದವರು ಅವರೇ. ಅವರು ಅಳಲಿಲ್ಲ. ‘ಒಂದು ವಾರ ಅಂಗಳದಾಗ ನಿಂತ್ರಲ್ರಿ,’ ಎಂದರು, ಅಷ್ಟೇ.

ನಮ್ಮೂರಿನಲ್ಲಿ ರೋಗಿಗೆ ಧೈರ್ಯ ಹೇಳುವುದು ಬಹಳ ಕಷ್ಟದ ಕೆಲಸ. ಏನೂ ಆಗುವುದಿಲ್ಲ ಎಂದು ಹೇಳಲು ಹೋದರೆ ದನಿಯೇ ಬರುವುದಿಲ್ಲ. ಅವತ್ತು ನಾನು ಏನು ಹೇಳಬೇಕೆಂದು ತಿಳಿಯದೆ ನಿಂತಿದ್ದೆ. ದಾವಲಬಿಗೆ ತಿಳಿದಿತ್ತು.

‘ಮಾಸ್ತರ, ಮೊದಲನೇ ದಿನ ಅಂಜಿಕಿ ಆಗ್ತೈತಿ,’ ಎಂದಳು. ‘ಎರಡನೇ ದಿನಾನೂ ಆಗ್ತೈತಿ. ಸೂಜಿ ಚುಚ್ಚುವಾಗ ನೋಯ್ತೈತಿ. ಆಮ್ಯಾಲ ನರ್ಸ್ ಬಾಯಿ ಪರಿಚಯ ಆಗ್ತಾರ. ನಾ ಕಿಡಕಿ ಬಾಜೂ ಕುಂದರ್ತೀನಿ, ನಿಮಗ ಬೇಕಂದ್ರ ಆ ಜಾಗಾ ಬಿಟ್ಟುಕೊಡ್ತೀನಿ.’ ಒಂದು ಕ್ಷಣ ಬಿಟ್ಟು, ‘ಎರಡು ಸಲ ಬಿಟ್ಟುಕೊಡ್ತೀನಿ,’ ಎಂದು ತಿದ್ದಿಕೊಂಡಳು. ಎಲ್ಲವೂ ಕೇಳಿಸಿತು. ಮಾಸ್ತರರು ಕೆಂಪು ಬೆರಳುಗಳಿಂದ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಬಣ್ಣ ಮಾಡಿಕೊಂಡರು. ಆಗ ಕಸ್ತೂರವ್ವ ನಕ್ಕರು.

ಮಾಸ್ತರರು ತಮ್ಮ ಖಾತೆಯನ್ನು ತಾವೇ ತೆರೆದು ವರದಿಯನ್ನು ಹೆಂಡತಿಗೆ ತೋರಿಸಿದರು. ಅವರ ಮೊದಲ ಪಾಳಿಯನ್ನು ಹಿಡಿದದ್ದು ನಾನು, ಅದೇ ಸೈಟಿನಲ್ಲಿ.

ಪತ್ರ ಬಂದೇ ಬಂತು. ಸಂಘದ ಖಾತೆ ಮುಂದುವರಿಯಲಿ, ಕಾರ್ಯದರ್ಶಿಯನ್ನು ಏನು ಮಾಡಬೇಕೆಂಬುದನ್ನು ಸಂಘವೇ ತೀರ್ಮಾನಿಸಿ ತಿಳಿಸಲಿ ಎಂದಿತ್ತು. ಕಸ್ತೂರವ್ವ ಮಹಾಸಭೆ ಕರೆದರು. ಕೆಲವು ಹಿರಿಯರು ಬಂದು, ಸಭೆಯನ್ನು ಶಾಲೆಯ ಬಯಲಿನಲ್ಲಿ ಇಡೋಣವೆಂದರು. ಬಯಲಾದರೆ ಎಲ್ಲರೂ ಅವರ ಮನಸ್ಸು ನೋಯದ ಹಾಗೆ ಮಾತಾಡಬಹುದು, ಮರ್ಯಾದೆಯಿಂದ ಮುಗಿಯುತ್ತದೆ ಎಂಬುದು ಅವರ ಲೆಕ್ಕ. ಅದು ಪ್ರೀತಿಯ ಮಾತೇ. ಕಸ್ತೂರವ್ವ ಒಪ್ಪಲಿಲ್ಲ. ಸಂಘದ ತಗಡು ಹೊದಿಸಿದ ಹಾಲ್‌ನಲ್ಲೇ ಆಗಬೇಕೆಂದರು.

ಹಾಲ್ ತುಂಬಿ ಬಾಗಿಲಲ್ಲಿಯೂ ಜನ ನಿಂತಿದ್ದರು. ಕಸ್ತೂರವ್ವ ಎದ್ದು ನಿಂತು ನಡೆದದ್ದನ್ನು ನಡೆದ ಹಾಗೆ ಹೇಳಿದರು, ಕೆಲಸ ಬಿಡಲು ತಯಾರಿದ್ದೇನೆಂದರು, ಕೂತರು. ಆಗ ಎಣ್ಣೆಗಾಣದ ಸಿದ್ರಾಮಪ್ಪ ಎದ್ದ. ನೇರ ಮನುಷ್ಯ, ನಾಲಿಗೆ ಒರಟು. ಅವನ ತಾಯಿಯ ಕಾಯಿಲೆ ಯಾವುದೆಂದು ಮನೆಯವರಿಗಲ್ಲದೆ ಯಾರಿಗೂ ಗೊತ್ತಿಲ್ಲವೆಂಬುದು ಊರಿಗೆಲ್ಲ ಗೊತ್ತಿತ್ತು.

‘ನನಗ ಸಿಟ್ಟು ಬಂದೈತ್ರಿ ಅಕ್ಕಾರ,’ ಎಂದ. ‘ನಿಮ್ಮ ಗಂಡಂದು ನೋಡಾಕ ಹೋದ್ರಿ, ಅದು ನಿಮ್ಮ ಮನೀ ಮಾತು. ನಾ ಕೇಳೋದು ಒಂದ. ನಮ್ಮ ಮಂದೀದು, ನಮ್ಮ ಅವ್ವಂದು, ಇಲ್ಲೆ ಕುಂತ ಯಾರದಾದ್ರೂ ವರದಿ ನೀವು ಎಂದಾದ್ರೂ ಕೇಳದ ನೋಡೀರೇನು?’

ನಾನು ಕಸ್ತೂರವ್ವನವರ ತುಟಿಗಳನ್ನೇ ನೋಡುತ್ತಿದ್ದೆ. ನನ್ನಂತೆಯೇ ಎಲ್ಲರೂ ನೋಡುತ್ತಿದ್ದರು. ಇಷ್ಟು ವರ್ಷ ಊರಿನ ಎಲ್ಲ ರೋಗಗಳೂ ಅವರ ಮೇಜಿನ ಮೇಲೆ ಹಾದು ಹೋಗಿವೆ. ಒಮ್ಮೆಯಾದರೂ, ಕುತೂಹಲಕ್ಕಾದರೂ, ಯಾರಿಗಾದರೂ ಮನಸ್ಸಾಗದೇ ಇರುತ್ತದೆಯೇ?

‘ಇಲ್ಲ,’ ಎಂದರು ಕಸ್ತೂರವ್ವ.

ಆ ‘ಇಲ್ಲ’ ಮುಂದಿನ ಸಾಲಿಗೆ ಕೇಳಿಸಿತು, ಹಿಂದಿನ ಸಾಲಿಗೆ ಕೇಳಿಸಿತು, ಬಾಗಿಲಲ್ಲಿ ನಿಂತವರಿಗೆ ಕೇಳಿಸಿತು. ಕಿವಿ ಮಂದವಾದ ಒಬ್ಬ ಮುದುಕ ಪಕ್ಕದವನನ್ನು ‘ಏನಂದ್ಳು? ದನಿ ಬಂತೇನು?’ ಎಂದು ಕೇಳಿದ. ‘ಬಂತು ತಾತಾ, ಬಂತು,’ ಎಂದು ಸುತ್ತಲಿನವರೆಲ್ಲ ಒಟ್ಟಿಗೆ ಹೇಳಿದರು. ಸಿದ್ರಾಮಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ‘ಹಂಗಾದ್ರ ನೀವ ಇರ್ರಿ. ನನಗ ನಿಮ್ಮ ಮ್ಯಾಲ ನಂಬಿಕಿ ಐತಿ,’ ಎಂದ. ಒರಟು ದನಿ, ತಗಡಿಗೆ ಬಡಿಯಿತು.

ಅಲ್ಲಿಂದ ಒಬ್ಬೊಬ್ಬರಾಗಿ ಎದ್ದರು. ನಂಬಿಕೆ ಐತಿ ಎಂದರು ಫಕೀರಪ್ಪ, ಯಮನೂರಪ್ಪ, ಸೂಜಿ ಚುಚ್ಚಿದ ತೋಳಿಗೆ ಇನ್ನೂ ಪಟ್ಟಿ ಕಟ್ಟಿಕೊಂಡಿದ್ದ ಮಾಸ್ತರರು, ನನಗೆ ಹೆಸರು ಗೊತ್ತಿಲ್ಲದ ಬಾಣಂತಿಯರು. ಒಬ್ಬಿಬ್ಬರು ಎದ್ದು ಬಾಯಿ ತೆರೆದು, ದನಿ ಬಾರದೆ, ಹಾಗೇ ಕೂತರು. ಅವರನ್ನು ಯಾರೂ ತಿರುಗಿ ನೋಡಲಿಲ್ಲ. ಉಳಿದವರ ದನಿ ಒಂದರ ಮೇಲೊಂದು ಬಿದ್ದು ತಗಡು ಗುಂಯ್‌ಗುಟ್ಟುತ್ತಿತ್ತು. ಕಸ್ತೂರವ್ವ ಕೈಕಟ್ಟಿ, ತಲೆಯೆತ್ತಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೂತಿದ್ದರು. ದಾವಲಬಿ ನನ್ನ ಬೆನ್ನಿಗೆ ಗುದ್ದಿ, ‘ನೀ ಹೇಳವಾ, ನೀ ಯಾಕ ಸುಮ್ಮನ ಕುಂತಿ?’ ಎಂದಳು. ನಾನು ಎದ್ದು ನಿಂತೆ. ದನಿ ಹೊರಡುತ್ತದೋ ಇಲ್ಲವೋ ಎಂದು ಭಯವಾಯಿತು. ಆದರೂ ಹೇಳಿದೆ. ಅಷ್ಟು ಜನರ ಗದ್ದಲದಲ್ಲಿ ನನ್ನ ದನಿ ನನಗೇ ಕೇಳಿಸಿತು.